ಬದಲಿ ಆಟಗಾರ ಸೋತರೆ ತಪ್ಪು ಯಾರದು?

'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ನಮ್ಮ ಭಾಗದ ಊರುಗಳಲ್ಲಿ ಧರ್ಮರಾಯನ ಗುಡಿಯ ಉತ್ಸವ ಬಂದಾಗ ಭಾರತದ ಕಥೆ ಕೇಳಿ ಬೆಳೆದವರು ನಾವು. ಅಂತಃಪುರದ ಹೆಂಗಸರ ಮುಂದೆ ಮೀಸೆ ತಿರುವಿ ಹೊರಟ ಉತ್ತರಕುಮಾರ, ಕೌರವರ ಸೈನ್ಯವನ್ನು ಕಂಡೊಡನೆ ರಥದಿಂದ ಹಾರಿ ಓಡಿದ ಭಾಗ ಬಂದಾಗ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ.

ಆದರೆ ಒಂದು ಪ್ರಶ್ನೆಯನ್ನು ಮಾತ್ರ ನಾವು ಕೇಳುವುದಿಲ್ಲ. ಆ ದಿನ ಅರಮನೆಯಲ್ಲಿ ಉತ್ತರನೊಬ್ಬನೇ ಏಕೆ ಉಳಿದಿದ್ದ? ವಿರಾಟರಾಜನು ಸುಶರ್ಮನ ಬೆನ್ನು ಹತ್ತಿ ಹೋಗುವಾಗ ಇದ್ದಬದ್ದ ವೀರರನ್ನೆಲ್ಲ ತನ್ನ ಜೊತೆಗೇ ಕರೆದುಕೊಂಡು ಹೋದ. ಇನ್ನೊಂದು ದಿಕ್ಕಿನಿಂದ ಶತ್ರು ಬಂದರೆ ಯಾರು ಗತಿ ಎಂದು ಅವನಾಗಲಿ ಮಂತ್ರಿಗಳಾಗಲಿ ಯೋಚಿಸಲಿಲ್ಲ. ಅಲ್ಲಿಯವರೆಗೆ ಯುದ್ಧವನ್ನೇ ಕಾಣದ ಹುಡುಗನೊಬ್ಬನ ತಲೆಯ ಮೇಲೆ ಇಡೀ ರಾಜ್ಯದ ಭಾರ ಬಿತ್ತು. ಅವನು ಓಡಿದ. ಗಾದೆ ಉತ್ತರನ ಹೆಸರಿನಲ್ಲಿ ಹುಟ್ಟಿತೇ ಹೊರತು ವಿರಾಟನ ಹೆಸರಿನಲ್ಲಿ ಹುಟ್ಟಲಿಲ್ಲ.

ಆಟದ ಬಯಲಿನಲ್ಲಿಯೂ ಹೀಗೆಯೇ ನಡೆಯುತ್ತದೆ. ಮುಖ್ಯ ಆಟಗಾರ ಗಾಯಗೊಂಡಾಗ ಅವನ ಜಾಗಕ್ಕೆ ಬಂದ ಬದಲಿ ಆಟಗಾರ ಎಡವಿದರೆ, ಸೋಲಿನ ಹೊಣೆಯೆಲ್ಲ ಅವನ ಕೊರಳಿಗೆ ಬೀಳುತ್ತದೆ. ಇದು ನ್ಯಾಯವೇ? ಈ ಪ್ರಶ್ನೆಯನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ. ಮೊದಲು ನನ್ನದೇ ಒಂದು ತಪ್ಪಿನಿಂದ ಪ್ರಾರಂಭಿಸುತ್ತೇನೆ.

ಒಂದು ವಾಲಿಬಾಲ್ ಪಂದ್ಯ

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಇದೇ ಗಡಿ ಭಾಗದ ಇನ್ನೊಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದೆ. ಆ ವರ್ಷ ನಮ್ಮ ವಾಲಿಬಾಲ್ ತಂಡ ಚೆನ್ನಾಗಿತ್ತು. ವಲಯ ಮಟ್ಟದ ಪಂದ್ಯದಲ್ಲಿ ಗೆದ್ದು ಬರುತ್ತೇವೆಂದು ಎಲ್ಲರಿಗೂ ನಂಬಿಕೆ. ಮೊದಲ ಸುತ್ತನ್ನು 25–19ರಲ್ಲಿ ಗೆದ್ದೆವು. ಎರಡನೆಯ ಸುತ್ತಿನ ನಡುವೆ, ಚೆಂಡನ್ನು ಎತ್ತಿಕೊಡುವ ನಮ್ಮ ಹುಡುಗ ಬಲೆಯ ಹತ್ತಿರ ಹಾರಿ ಇಳಿಯುವಾಗ ಪಾದ ಹೊರಳಿ ಕುಸಿದು ಕುಳಿತ. ಬೆಂಚಿನ ಮೇಲಿದ್ದ ಒಂಬತ್ತನೆಯ ತರಗತಿಯ ಹುಡುಗನನ್ನು ಒಳಗೆ ಕಳುಹಿಸಿದೆ. ಆ ಸುತ್ತು ಹೋಯಿತು. ನಿರ್ಣಾಯಕವಾದ ಮೂರನೆಯ ಸುತ್ತನ್ನು 9–15ರಲ್ಲಿ ಸೋತೆವು.

ಬಸ್ಸಿನಲ್ಲಿ ಬರುವಾಗ ಆ ಹುಡುಗನ ಪಕ್ಕದಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. ಮರುದಿನ ಶಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಅವನಿಗೊಂದು ಅಡ್ಡಹೆಸರು ಬರೆದಿದ್ದರು. ಅದನ್ನು ಕಂಡ ನಾನು ಅಳಿಸಲು ಹೇಳಿದೆ, ಅಷ್ಟೇ. ಯಾರು ಬರೆದರೆಂದು ವಿಚಾರಿಸಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಮನಸ್ಸಿನಲ್ಲಿಯೂ 'ಇವನಿಂದಲೇ ಹೋಯಿತು' ಎಂಬ ಮಾತಿತ್ತು.

ನಾಲ್ಕು ದಿನ ಆ ಹುಡುಗ ಶಾಲೆಗೆ ಬರಲಿಲ್ಲ. ಐದನೆಯ ದಿನ ಅವನ ತಂದೆ ಬಂದರು. ಗುಲಾಬಿ ತೋಟದಲ್ಲಿ ಕೂಲಿ ಮಾಡುವವರು. ಕೆಲಸ ಬಿಟ್ಟು ಬಂದಿದ್ದರು. ಸಿಟ್ಟು ಮಾಡಲಿಲ್ಲ. ಬಾಗಿಲ ಬಳಿ ನಿಂತೇ ಕೇಳಿದರು: "ಮೇಷ್ಟ್ರೇ, ಆಡಿದ್ದು ಆರು ಜನ. ಸೋತದ್ದು ನಮ್ಮ ಹುಡುಗ ಒಬ್ಬನೇ ಹೇಗಾದ? ಅವನು ಶಾಲೇನೇ ಬೇಡ, ನಿನ್ನ ಜೊತೆ ತೋಟಕ್ಕೆ ಬರ್ತೀನಿ ಅಂತಾನೆ."

ನನ್ನ ಬಳಿ ಉತ್ತರವಿರಲಿಲ್ಲ. ಅವರನ್ನು ಕೂರಿಸಿ, ನಾಳೆ ನಾನೇ ಮನೆಗೆ ಬರುತ್ತೇನೆ ಎಂದು ಹೇಳಿ ಕಳುಹಿಸಿದೆ.

ಲೆಕ್ಕ ಏನು ಹೇಳಿತು?

ಆ ಸಂಜೆ ತಂಡದ ನಾಯಕನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಮೂರನೆಯ ಸುತ್ತಿನಲ್ಲಿ ಎದುರಾಳಿಗೆ ಹೋದ ಹದಿನೈದು ಅಂಕಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡು ಬರೆದೆವು. ನಾವು ಹೊಡೆದ ಸರ್ವೀಸ್ ಬಲೆಗೆ ತಗುಲಿಯೋ ಗೆರೆಯಾಚೆ ಬಿದ್ದೋ ಹೋದದ್ದು 4. ಎದುರಾಳಿಯ ಸರ್ವೀಸನ್ನು ನಮ್ಮವರು ಸರಿಯಾಗಿ ತಡೆಯದೆ ಹೋದದ್ದು 5. ಎದುರಾಳಿ ನಿಜವಾಗಿಯೂ ಚೆನ್ನಾಗಿ ಹೊಡೆದು ಗೆದ್ದದ್ದು 3. ಬದಲಿ ಹುಡುಗನ ಕೈಯಲ್ಲಿ ಚೆಂಡು ಎರಡು ಸಲ ತಗುಲಿ ತೀರ್ಪುಗಾರರು ತಪ್ಪು ಕೊಟ್ಟದ್ದು 3.

ಹದಿನೈದರಲ್ಲಿ ಮೂರು! ಉಳಿದ ಹನ್ನೆರಡನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಏಕೆಂದರೆ ಎಲ್ಲರ ಕಣ್ಣೂ ಹೊಸದಾಗಿ ಒಳಗೆ ಬಂದವನ ಮೇಲಿತ್ತು.

ಅನಂತರ ಅಭ್ಯಾಸದ ಪುಸ್ತಕ ತೆಗೆದೆ. ಪಂದ್ಯಕ್ಕೆ ಮುಂಚೆ ಇಪ್ಪತ್ತಾರು ದಿನ ಸಂಜೆ ಅಭ್ಯಾಸ ನಡೆದಿತ್ತು. ಅಷ್ಟು ದಿನವೂ ಆ ಹುಡುಗ ಬಂದಿದ್ದ. ಬಂದು ಮಾಡಿದ್ದೇನು? ಬೇಲಿಯಾಚೆ ರಾಗಿ ಹೊಲಕ್ಕೆ ಹೋದ ಚೆಂಡನ್ನು ಎತ್ತಿ ತಂದ, ಬಲೆ ಕಟ್ಟಿದ, ನೀರು ತಂದ. ಮುಖ್ಯ ತಂಡದ ಜೊತೆ ನಿಂತು ಚೆಂಡು ಎತ್ತಿಕೊಟ್ಟದ್ದು ಒಂದು ದಿನವೂ ಇಲ್ಲ. ಇಪ್ಪತ್ತಾರು ದಿನ ಚೆಂಡು ಹೆಕ್ಕುವ ಕೆಲಸ ಕೊಟ್ಟು, ಇಪ್ಪತ್ತೇಳನೆಯ ದಿನ ತಂಡವನ್ನು ಗೆಲ್ಲಿಸು ಎಂದು ಕಳುಹಿಸಿದವನು ನಾನು. ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುವುದು ಇದಕ್ಕೇ ಅಲ್ಲವೇ?

ಕೆಲವು ಜಾಗಗಳು ಏಕೆ ಕಷ್ಟ?

ಎಲ್ಲ ಆಟಗಳಲ್ಲಿಯೂ ಒಂದೊಂದು ಜಾಗ ಹೀಗಿರುತ್ತದೆ. ಅಲ್ಲಿ ನಿಂತವನು ಬದಲಾದರೆ ಇಡೀ ತಂಡವೇ ಬದಲಾದಂತೆ. ವಾಲಿಬಾಲಿನಲ್ಲಿ ಅದು ಚೆಂಡು ಎತ್ತಿಕೊಡುವವನ ಜಾಗ. ಆತನಿಗೆ ಸೆಟ್ಟರ್ ಎಂದು ಹೆಸರು. ತಂಡಕ್ಕೆ ಚೆಂಡನ್ನು ಮುಟ್ಟಲು ಮೂರು ಅವಕಾಶ. ಮೊದಲನೆಯದು ತಡೆಯುವವನದು, ಮೂರನೆಯದು ಹೊಡೆಯುವವನದು, ನಡುವಿನದು ಇವನದು. ಒಬ್ಬ ಹೊಡೆತಗಾರನಿಗೆ ಚೆಂಡು ಎತ್ತರವಾಗಿ ಬೇಕು, ಇನ್ನೊಬ್ಬನಿಗೆ ತಗ್ಗಾಗಿ ವೇಗವಾಗಿ ಬೇಕು. ಒಬ್ಬ ಬಲೆಗೆ ಹತ್ತಿರ ಕೇಳುತ್ತಾನೆ, ಇನ್ನೊಬ್ಬ ಎರಡು ಗೇಣು ದೂರ ಕೇಳುತ್ತಾನೆ. ಇದು ಬಾಯಿಮಾತಿನಿಂದ ಬರುವ ವಿದ್ಯೆಯಲ್ಲ. ಒಟ್ಟಿಗೆ ಆಡಿ ಆಡಿ ಕೈಗೆ ಬರಬೇಕು. ಇದರಲ್ಲಿ ಕಲಿಯಬೇಕಾದವನು ಸೆಟ್ಟರ್ ಒಬ್ಬನೇ ಅಲ್ಲ. ಅವನ ಕೈಯ ಚೆಂಡನ್ನು ಹೊಡೆದು ಉಳಿದವರಿಗೂ ರೂಢಿಯಾಗಬೇಕು.

ಕ್ರಿಕೆಟ್ಟಿನಲ್ಲಿ ವಿಕೆಟ್ ಕೀಪರನ ಜಾಗ ಇಂಥದು. ಅಮೆರಿಕದವರು ಆಡುವ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನ ಜಾಗ ಇಂಥದು. ಆ ಆಟದಲ್ಲಿ ಚೆಂಡನ್ನು ಕೈಯಿಂದ ಎಸೆಯುತ್ತಾರೆ. ಬಹುತೇಕ ಪ್ರತಿ ಸಲವೂ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬರುತ್ತದೆ. ಯಾರಿಗೆ ಎಸೆಯಬೇಕು, ಯಾರಿಗೆ ಕೊಡಬೇಕು ಎಂಬುದನ್ನು ಕೆಲವೇ ಕ್ಷಣಗಳಲ್ಲಿ ಅವನು ನಿರ್ಧರಿಸಬೇಕು. ವಾರದ ಅಭ್ಯಾಸದಲ್ಲಿ ಹೆಚ್ಚಿನ ಪಾಲು ಮುಖ್ಯ ಆಟಗಾರನಿಗೇ ಹೋಗುತ್ತದೆ. ಬದಲಿಯವನು ಬದಿಯಲ್ಲಿ ನಿಂತು ನೋಡುತ್ತಾನೆ. ಆದ್ದರಿಂದ ಅಲ್ಲಿಯೂ ಪ್ರತಿ ವರ್ಷ ಇದೇ ಜಗಳ. ಬದಲಿ ಕ್ವಾರ್ಟರ್‌ಬ್ಯಾಕ್ ಸೋತರೆ ಅವನನ್ನು ದೂರಬೇಕೇ, ತರಬೇತುದಾರನನ್ನು ದೂರಬೇಕೇ, ಆರಿಸಿದವರನ್ನು ದೂರಬೇಕೇ?

ಇದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕಥೆ ಒಳ್ಳೆಯ ಉದಾಹರಣೆ. 2022ರ ಸೆಪ್ಟೆಂಬರಿನಲ್ಲಿ ಆ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಟ್ರೇ ಲಾನ್ಸ್ ಗಾಯಗೊಂಡ. ಡಿಸೆಂಬರಿನಲ್ಲಿ ಎರಡನೆಯವನಾದ ಜಿಮ್ಮಿ ಗರೊಪೊಲೊ ಗಾಯಗೊಂಡ. ಮೂರನೆಯವನು ಬ್ರಾಕ್ ಪರ್ಡಿ. ಆ ವರ್ಷ ಹೊಸಬರನ್ನು ಆರಿಸುವಾಗ ಒಟ್ಟು 262 ಮಂದಿಯಲ್ಲಿ ಕಟ್ಟಕಡೆಗೆ ಆರಿಸಲ್ಪಟ್ಟವನು. ಅವನು ತಂಡವನ್ನು ಗೆಲ್ಲಿಸುತ್ತಲೇ ಹೋದ. ಆದರೆ 2023ರ ಜನವರಿ 29ರಂದು, ಅಂತಿಮ ಪಂದ್ಯಕ್ಕೆ ಹಿಂದಿನ ಹಂತದಲ್ಲಿ, ಅವನ ಮೊಣಕೈಗೆ ಪೆಟ್ಟಾಯಿತು. ನಾಲ್ಕನೆಯವನು ಬಂದ. ಅವನ ತಲೆಗೆ ಪೆಟ್ಟು ಬಿದ್ದು ಅವನೂ ಹೊರಗೆ ಹೋದ. ಬೇರೆ ಯಾರೂ ಇಲ್ಲದೆ, ಚೆಂಡನ್ನು ದೂರ ಎಸೆಯಲಾಗದ ಪರ್ಡಿಯೇ ಮತ್ತೆ ಒಳಗೆ ಬರಬೇಕಾಯಿತು. 7–31ರಲ್ಲಿ ತಂಡ ಸೋತಿತು.

ಇಲ್ಲಿ ಯಾರನ್ನು ದೂರುವುದು? ಆ ಲೀಗಿನವರೇ ಯೋಚಿಸಿ, ಅದೇ ವರ್ಷದ ಮೇ ತಿಂಗಳಿನಲ್ಲಿ ನಿಯಮ ತಿದ್ದಿದರು. ತುರ್ತಿಗೆಂದು ಮೂರನೆಯ ಕ್ವಾರ್ಟರ್‌ಬ್ಯಾಕ್ ಒಬ್ಬನನ್ನು ಸಿದ್ಧವಾಗಿಟ್ಟುಕೊಳ್ಳಲು ಮತ್ತೆ ಅವಕಾಶ ಕೊಟ್ಟರು. ಎಂದರೆ, ಕೆಲವೊಮ್ಮೆ ತಪ್ಪು ವ್ಯಕ್ತಿಯದಲ್ಲ, ಏರ್ಪಾಟಿನದು.

ಕಿರ್ಮಾನಿಯವರ ಕಾಯುವಿಕೆ

ದೂರದ ಅಮೆರಿಕ ಬೇಡ, ನಮ್ಮ ಹೊಸೂರಿನಿಂದ ಬಸ್ಸು ಹತ್ತಿದರೆ ಸಿಗುವ ಬೆಂಗಳೂರಿಗೆ ಬರೋಣ. ಸಯ್ಯದ್ ಕಿರ್ಮಾನಿಯವರು ಮದರಾಸಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು ಆಡಿದ ವಿಕೆಟ್ ಕೀಪರ್. 1971ರಲ್ಲಿಯೇ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದರು. ಆದರೆ ಟೆಸ್ಟ್ ಪಂದ್ಯಗಳಲ್ಲಿ ವಿಕೆಟ್ಟಿನ ಹಿಂದೆ ನಿಂತವರು ಫರೂಕ್ ಎಂಜಿನಿಯರ್. 1974ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೋದರು. ಆಗಲೂ ಎಂಜಿನಿಯರ್ ಅವರೇ ಮುಂದೆ. ಕಿರ್ಮಾನಿಯವರ ಮೊದಲ ಟೆಸ್ಟ್ ಬಂದದ್ದು 1976ರ ಜನವರಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ. ಎಂದರೆ ಸುಮಾರು ನಾಲ್ಕೂವರೆ ವರ್ಷ ಬೆಂಚಿನ ಮೇಲೆ!

ಅಷ್ಟು ದಿನ ಕಾದವರು ಕೈ ನಡುಗಿಸಿದರೇ? ಎರಡನೆಯ ಟೆಸ್ಟಿನಲ್ಲಿಯೇ, ಕ್ರೈಸ್ಟ್‌ಚರ್ಚಿನಲ್ಲಿ, ಒಂದು ಇನಿಂಗ್ಸಿನಲ್ಲಿ ಆರು ಮಂದಿಯನ್ನು ಔಟ್ ಮಾಡಲು ನೆರವಾಗಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಇದು ಹೇಗಾಯಿತು? ಭಾರತ ತಂಡದಲ್ಲಿ ಕಾಯುತ್ತಿದ್ದರೂ ಆಟ ನಿಂತಿರಲಿಲ್ಲ. ಕರ್ನಾಟಕ ತಂಡಕ್ಕೆ ಅವರು ಕೀಪರ್ ಆಗಿದ್ದರು. ಪ್ರಸನ್ನ ಮತ್ತು ಚಂದ್ರಶೇಖರ್ ಅವರಂಥ ಸ್ಪಿನ್ ಬೌಲರುಗಳಿಗೆ ಕೀಪಿಂಗ್ ಮಾಡುವುದೆಂದರೆ ಅದೇ ಒಂದು ದೊಡ್ಡ ಪಾಠಶಾಲೆ. ಭಾರತ ತಂಡದಲ್ಲಿಯೂ ಅದೇ ಬೌಲರುಗಳಿದ್ದರು. ಆದ್ದರಿಂದ ಹೊಸ ಜಾಗಕ್ಕೆ ಬಂದಾಗ ಅವರಿಗೆ ಆ ಬೌಲರುಗಳ ಕೈ ಹೊಸದಾಗಿರಲಿಲ್ಲ.

1979ರಲ್ಲಿ ವಿಶ್ವಕಪ್ಪಿಗೂ ಇಂಗ್ಲೆಂಡ್ ಪ್ರವಾಸಕ್ಕೂ ಅವರನ್ನು ಕೈಬಿಟ್ಟರು. ಆ ವರ್ಷವೇ ತಂಡಕ್ಕೆ ಮರಳಿದರು. ಮುಂಬಯಿಯಲ್ಲಿ ಆಸ್ಟ್ರೇಲಿಯಾದ ಎದುರು ದಿನದಾಟ ಮುಗಿಯುವ ಹೊತ್ತಿಗೆ, ಮುಖ್ಯ ಬ್ಯಾಟುಗಾರರನ್ನು ಉಳಿಸಲೆಂದು ಇವರನ್ನು ಮುಂಚಿತವಾಗಿ ಕಳುಹಿಸಿದರು. ಹೊತ್ತು ಕಳೆಯಲು ಹೋದವರು ಔಟಾಗದೆ 101 ಓಟ ಗಳಿಸಿ ಬಂದರು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ಎದುರು ಭಾರತ 17 ಓಟಕ್ಕೆ 5 ವಿಕೆಟ್, 140ಕ್ಕೆ 8 ವಿಕೆಟ್ ಎಂಬ ಸ್ಥಿತಿಯಲ್ಲಿತ್ತು. ಆಗ ಬಂದ ಕಿರ್ಮಾನಿಯವರು ಕಪಿಲ್ ದೇವ್ ಅವರ ಜೊತೆ ಮುರಿಯದ 126 ಓಟಗಳ ಜೊತೆಯಾಟ ಆಡಿದರು. ಕಪಿಲ್ ಅವರ 175 ಎಲ್ಲರಿಗೂ ನೆನಪಿದೆ. ಎದುರು ತುದಿಯಲ್ಲಿ ಔಟಾಗದೆ ನಿಂತ ಕಿರ್ಮಾನಿಯವರ 24 ಎಷ್ಟು ಮಂದಿಗೆ ನೆನಪಿದೆ?

ಆ 24 ಇಲ್ಲದಿದ್ದರೆ ಆ 175 ಇರುತ್ತಿರಲಿಲ್ಲ. ಗೆದ್ದಾಗಲೂ ನಾವು ಒಬ್ಬನನ್ನೇ ನೋಡುತ್ತೇವೆ, ಸೋತಾಗಲೂ ಒಬ್ಬನನ್ನೇ ನೋಡುತ್ತೇವೆ. ಎರಡೂ ಒಂದೇ ಬಗೆಯ ತಪ್ಪು.

ಸಿದ್ಧವಾದ ಬೆಂಚು

ಬದಲಿಯವರು ಒಟ್ಟಾಗಿ ಗೆದ್ದ ಕಥೆಯೂ ಇದೆ. 2020ರ ಡಿಸೆಂಬರ್ 19ರಂದು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಭಾರತ 36 ಓಟಗಳಿಗೆ ಕುಸಿಯಿತು. ಅನಂತರ ನಾಯಕ ವಿರಾಟ್ ಕೊಹ್ಲಿ ಮನೆಗೆ ಮರಳಿದರು. ಒಬ್ಬೊಬ್ಬರಾಗಿ ಶಮಿ, ಉಮೇಶ್, ಜಡೇಜ, ಬುಮ್ರಾ, ಅಶ್ವಿನ್ ಗಾಯಗೊಂಡರು. ಬ್ರಿಸ್ಬೇನಿನ ಗಬ್ಬಾ ಮೈದಾನದಲ್ಲಿ ಕೊನೆಯ ಟೆಸ್ಟ್ ಆಡುವಾಗ ಉಳಿದದ್ದು ಬಹುಮಟ್ಟಿಗೆ ಬೆಂಚಿನ ಬೌಲರುಗಳೇ. ಆ ಮೈದಾನದಲ್ಲಿ ಆಸ್ಟ್ರೇಲಿಯಾ 1988ರಿಂದ ಟೆಸ್ಟ್ ಸೋತಿರಲಿಲ್ಲ.

ಆ ಬೌಲರುಗಳಲ್ಲಿ ಒಬ್ಬರು ಟಿ. ನಟರಾಜನ್. ಊರು ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿ. ನಮ್ಮ ಹೊಸೂರು, ಕೃಷ್ಣಗಿರಿಗಳೂ 1965ರವರೆಗೆ ಅದೇ ಸೇಲಂ ಜಿಲ್ಲೆಗೆ ಸೇರಿದ್ದವು. ಟೆನಿಸ್ ಚೆಂಡಿನಲ್ಲಿ ಆಡಿ ಬೆಳೆದ ಅವರು ಆಸ್ಟ್ರೇಲಿಯಾಕ್ಕೆ ಹೊರಟದ್ದು ಅಭ್ಯಾಸದಲ್ಲಿ ಚೆಂಡೆಸೆಯುವ ನೆಟ್ ಬೌಲರ್ ಆಗಿ. ಆದರೆ ಆ ಒಂದೇ ಪ್ರವಾಸದಲ್ಲಿ ಒಂದು ದಿನದ ಪಂದ್ಯ, ಇಪ್ಪತ್ತು ಓವರುಗಳ ಪಂದ್ಯ, ಟೆಸ್ಟ್ ಪಂದ್ಯ ಮೂರರಲ್ಲಿಯೂ ಮೊದಲ ಬಾರಿಗೆ ಆಡಿದರು. ಗಬ್ಬಾದ ಮೊದಲ ಇನಿಂಗ್ಸಿನಲ್ಲಿ ನಟರಾಜನ್, ಶಾರ್ದೂಲ್ ಠಾಕೂರ್, ವಾಷಿಂಗ್ಟನ್ ಸುಂದರ್ ತಲಾ 3 ವಿಕೆಟ್ ಪಡೆದರು. ಠಾಕೂರ್ ಮತ್ತು ಸುಂದರ್ ಏಳನೆಯ ವಿಕೆಟ್ಟಿಗೆ 123 ಓಟ ಸೇರಿಸಿದರು. ಎರಡನೆಯ ಇನಿಂಗ್ಸಿನಲ್ಲಿ ಸಿರಾಜ್ 5 ವಿಕೆಟ್ ಪಡೆದರು. 2021ರ ಜನವರಿ 19ರಂದು ಭಾರತ 328 ಓಟಗಳ ಗುರಿ ಮುಟ್ಟಿ 3 ವಿಕೆಟ್ಟುಗಳಿಂದ ಗೆದ್ದಿತು.

ಇದು ಅದೃಷ್ಟ ಮಾತ್ರವಲ್ಲ. ಕೊರೋನಾ ಕಾಲವಾದ್ದರಿಂದ ಬದಲಿಯವರನ್ನು ನಡುವೆ ಕರೆಸುವುದು ಕಷ್ಟವೆಂದು ತಿಳಿದು, ಹೆಚ್ಚು ಮಂದಿಯನ್ನು ಮುಂಚೆಯೇ ಕರೆದೊಯ್ದಿದ್ದರು. ಅದಕ್ಕೂ ಹಿಂದೆ, ಕೆಲವು ವರ್ಷಗಳಿಂದ ಭಾರತ 'ಎ' ತಂಡವೆಂಬ ಎರಡನೆಯ ಸಾಲಿನ ತಂಡವನ್ನು ಹೊರದೇಶಗಳಿಗೆ ಕಳುಹಿಸಿ ಆಡಿಸುತ್ತಿದ್ದರು. 2015ರಿಂದ ಕೆಲವು ವರ್ಷ ಆ ತಂಡವನ್ನೂ ಹತ್ತೊಂಬತ್ತು ವರ್ಷದೊಳಗಿನವರ ತಂಡವನ್ನೂ ತಯಾರು ಮಾಡಿದವರು ನಮ್ಮ ರಾಹುಲ್ ದ್ರಾವಿಡ್. ಗಬ್ಬಾದಲ್ಲಿ ಗೆದ್ದಾಗ ಬಹಳ ಜನ ದ್ರಾವಿಡ್ ಅವರನ್ನು ಹೊಗಳಿದರು. ಅವರಾದರೋ, ಆ ಹೊಗಳಿಕೆ ತಮಗೆ ಅನಗತ್ಯ, ಅದು ಹುಡುಗರಿಗೇ ಸಲ್ಲಬೇಕು ಎಂದುಬಿಟ್ಟರು.

ದೊಡ್ಡವರ ನಡತೆ ಇದು. ಗೆದ್ದಾಗ ಹುಡುಗರನ್ನು ಮುಂದೆ ನಿಲ್ಲಿಸಬೇಕು, ಸೋತಾಗ ತಾವು ಮುಂದೆ ನಿಲ್ಲಬೇಕು. ನಾನು ಮಾಡಿದ್ದು ಇದರ ತಿರುವುಮುರುವು.

ಹಾಗಾದರೆ ಬದಲಿಯವನದು ಏನೂ ತಪ್ಪಿಲ್ಲವೇ?

ಇದೆ. ಅದನ್ನೂ ಹೇಳದಿದ್ದರೆ ನ್ಯಾಯವಾಗದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎಲ್ಲ ತಪ್ಪನ್ನೂ ಮೇಷ್ಟ್ರ ಮೇಲೆ ಹಾಕಿ ಕುಳಿತರೆ ಯಾರೂ ಮೇಲೇರಲಾರರು. ಬೆಂಚಿನ ಮೇಲೆ ಕುಳಿತ ಹೊತ್ತಿನಲ್ಲಿ ಪಂದ್ಯ ನೋಡುತ್ತಿದ್ದನೇ, ಪಕ್ಕದವನ ಜೊತೆ ಹರಟುತ್ತಿದ್ದನೇ? ಮುಖ್ಯ ಆಟಗಾರ ಹೇಗೆ ಹೆಜ್ಜೆ ಇಡುತ್ತಾನೆಂದು ಗಮನಿಸಿದನೇ? ಮನೆಯ ಗೋಡೆಗೆ ಚೆಂಡು ಹೊಡೆದಾದರೂ ಕೈ ಪಳಗಿಸಿಕೊಂಡನೇ? ಅವಕಾಶ ಕೊಡಿ ಎಂದು ಒಂದು ಸಲವಾದರೂ ಕೇಳಿದನೇ? ಇವು ಅವನ ಪಾಲು.

ಆದುದರಿಂದ ತಪ್ಪನ್ನು ಹಂಚುವಾಗ ಹೀಗೆ ಕ್ರಮವಾಗಿ ಕೇಳಬೇಕೆಂದು ನನಗೆ ತೋರುತ್ತದೆ:

1. ಇಂಥ ದಿನ ಬರಬಹುದೆಂದು ಮೊದಲೇ ಯೋಚಿಸಿದ್ದರೇ? ಇಲ್ಲವಾದರೆ ತಪ್ಪು ತಂಡ ಕಟ್ಟಿದವರದು.

2. ಅವನಿಗೆ ಮುಖ್ಯ ತಂಡದ ಜೊತೆ ಅಭ್ಯಾಸ ಕೊಟ್ಟಿದ್ದರೇ? ಇಲ್ಲವಾದರೆ ತಪ್ಪು ಕಲಿಸುವವರದು.

3. ಅವನು ಒಳಗೆ ಬಂದಾಗ ಉಳಿದವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದರೇ? ಇಲ್ಲವಾದರೆ ತಪ್ಪು ಜೊತೆಗಾರರದು.

4. ಕೊಟ್ಟ ಅವಕಾಶವನ್ನು ಅವನು ಬಳಸಿಕೊಂಡನೇ? ಇಲ್ಲವಾದರೆ ಮಾತ್ರ ತಪ್ಪು ಅವನದು.

ನಾವು ಸಾಮಾನ್ಯವಾಗಿ ನಾಲ್ಕನೆಯ ಪ್ರಶ್ನೆಯಿಂದಲೇ ಪ್ರಾರಂಭಿಸಿ ಅಲ್ಲಿಯೇ ಮುಗಿಸಿಬಿಡುತ್ತೇವೆ. ಏಕೆಂದರೆ ಅದು ಎಲ್ಲಕ್ಕಿಂತ ಸುಲಭ. ಅವನು ಕಣ್ಣೆದುರಿಗೇ ಇರುತ್ತಾನೆ, ಮತ್ತು ತಿರುಗಿ ಮಾತಾಡುವುದಿಲ್ಲ.

ಇಬ್ಬರು ಸಾರಥಿಗಳು

ಇನ್ನು ನೋಡುವವರ ಪಾಲು. ಭಾರತದಲ್ಲಿ ಇಬ್ಬರು ಸಾರಥಿಗಳಿದ್ದಾರೆ. ಕರ್ಣನ ರಥ ಹೊಡೆದ ಶಲ್ಯ ಒಬ್ಬ. ಯುದ್ಧ ನಡೆಯುತ್ತಿರುವಾಗಲೇ ಕರ್ಣನನ್ನು ಹೀಯಾಳಿಸಿ ಅವನ ಧೈರ್ಯವನ್ನು ಕುಂದಿಸಿದ. ಇನ್ನೊಬ್ಬ ಉತ್ತರನ ಸಾರಥಿಯಾದ ಬೃಹನ್ನಳೆ. ಓಡಿಹೋಗುತ್ತಿದ್ದ ಉತ್ತರನನ್ನು ಹಿಡಿದು ತಂದ ಅರ್ಜುನ ಅವನನ್ನು ನಗೆಗೀಡು ಮಾಡಲಿಲ್ಲ. ನಿನಗೆ ಯುದ್ಧ ಬಾರದಿದ್ದರೆ ಬೇಡ, ರಥ ಹೊಡೆ, ಯುದ್ಧ ನಾನು ಮಾಡುತ್ತೇನೆ ಎಂದು ಅವನಿಂದಾಗುವ ಕೆಲಸವನ್ನು ಅವನ ಕೈಗೆ ಕೊಟ್ಟ. ಅದೇ ಉತ್ತರ ಶಮೀವೃಕ್ಷ ಹತ್ತಿ ಆಯುಧ ಇಳಿಸಿದ, ಅದೇ ಸೈನ್ಯದ ಎದುರು ರಥ ನಡೆಸಿದ. ಗಾದೆ ಹೇಳುವವರು ಕಥೆಯ ಈ ಅರ್ಧವನ್ನು ಹೇಳುವುದಿಲ್ಲ.

ಮೈದಾನದ ಸುತ್ತ ನಿಂತ ಮಕ್ಕಳೇ, ನಿಮ್ಮ ಗೆಳೆಯ ತಪ್ಪಿದಾಗ ನೀವು ಶಲ್ಯರಾಗುವಿರೋ ಬೃಹನ್ನಳೆಯಾಗುವಿರೋ ಯೋಚಿಸಿ. ಗೆದ್ದೆತ್ತಿನ ಬಾಲ ಹಿಡಿಯುವವರು ಊರಿಗೆಲ್ಲ ಸಿಗುತ್ತಾರೆ. ಬಿದ್ದ ಎತ್ತಿಗೆ ಹೆಗಲು ಕೊಡುವವರು ಕಡಿಮೆ.

ಪೋಷಕರಿಗೂ ಒಂದು ಮಾತು. ಇದು ಆಟಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ತಾಯಿ ಕಾಯಿಲೆ ಬಿದ್ದ ದಿನ ಮಗಳೋ ಮಗನೋ ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೆ ಮನೆಮಂದಿಯೆಲ್ಲ ಮುಖ ಸಿಂಡರಿಸುತ್ತೇವೆ. ಅದುವರೆಗೆ ಒಂದು ದಿನವಾದರೂ ಅವರನ್ನು ಒಲೆಯ ಬಳಿ ಕರೆದು ಎಷ್ಟು ನೀರಿಗೆ ಎಷ್ಟು ಉಪ್ಪು ಎಂದು ತೋರಿಸಿದ್ದೆವೇ? ತಂದೆ ಊರಲ್ಲಿಲ್ಲದಾಗ ಬ್ಯಾಂಕಿಗೆ ಹೋದ ಮಗ ಚಲನನ್ನು ತಪ್ಪಾಗಿ ಬರೆದು ಬಂದರೆ ಬೈಯುತ್ತೇವೆ. ಅವನನ್ನು ಒಮ್ಮೆಯಾದರೂ ಜೊತೆಗೆ ಕರೆದೊಯ್ದಿದ್ದೆವೇ? ಪ್ರತಿ ಮನೆಯಲ್ಲಿಯೂ ಒಬ್ಬ ಬದಲಿ ಆಟಗಾರ ಬೆಂಚಿನ ಮೇಲೆ ಕುಳಿತಿದ್ದಾನೆ. ಅವನ ಸರದಿ ಎಂದು ಬರುವುದೋ ಯಾರಿಗೂ ಗೊತ್ತಿಲ್ಲ.

ಆಮೇಲೆ

ಹೇಳಿದಂತೆ ಮರುದಿನ ಆ ಹುಡುಗನ ಮನೆಗೆ ಹೋದೆ. ಹದಿನೈದು ಅಂಕಗಳ ಚೀಟಿಯನ್ನು ಅವನ ಕೈಗೇ ಕೊಟ್ಟು ಓದಲು ಹೇಳಿದೆ. ಇಪ್ಪತ್ತಾರು ದಿನಗಳ ಲೆಕ್ಕವನ್ನು ಅವನ ತಂದೆಯ ಮುಂದೆ ನಾನೇ ಹೇಳಿದೆ. ಹುಡುಗ ಏನೂ ಮಾತಾಡಲಿಲ್ಲ. ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಅವನ ತಾಯಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು, ಅದೇ ಲೆಕ್ಕವನ್ನು ಎಲ್ಲ ಮಕ್ಕಳ ಮುಂದೆ ಓದಿದೆ. ಮೊದಲ ತಪ್ಪು ನನ್ನದೆಂದು ಹೇಳಿದೆ. ಸರ್ವೀಸ್ ತಪ್ಪಿಸಿದ ಹುಡುಗರು ತಾವಾಗಿಯೇ ತಲೆ ತಗ್ಗಿಸಿದರು. ಅವರ ಹೆಸರನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಮತ್ತೆ ಇನ್ನೊಬ್ಬನ ಕೊರಳಿಗೆ ಹಾಕಿದಂತಾಗುತ್ತಿತ್ತು.

ಅಂದಿನಿಂದ ವಾರಕ್ಕೆ ಎರಡು ದಿನ ಬದಲಿ ಆಟಗಾರರನ್ನೇ ಮುಖ್ಯ ತಂಡದಲ್ಲಿ ನಿಲ್ಲಿಸಿ ಆಡಿಸುತ್ತಿದ್ದೇನೆ. ಚೆಂಡು ಹೆಕ್ಕುವ ಕೆಲಸವನ್ನು ಎಲ್ಲರೂ ಸರದಿಯಂತೆ ಮಾಡುತ್ತಾರೆ, ನಾಯಕನೂ ಸೇರಿ. ಮುಂದಿನ ವರ್ಷ ಆ ಹುಡುಗನೇ ಮುಖ್ಯ ಸೆಟ್ಟರ್ ಆದ. ಕಪ್ಪು ಗೆದ್ದೆವೆಂದು ಬರೆಯಲು ನನಗೂ ಆಸೆ. ಆದರೆ ಗೆಲ್ಲಲಿಲ್ಲ, ಉಪಾಂತ್ಯದಲ್ಲಿ ಸೋತೆವು. ಬರುವಾಗ ಬಸ್ಸಿನಲ್ಲಿ ಅವನ ಪಕ್ಕದ ಸೀಟಿಗಾಗಿ ಇಬ್ಬರು ಹುಡುಗರು ಜಗಳವಾಡುತ್ತಿದ್ದರು. ಅಂದು ಬೆಂಚಿನ ಮೇಲೆ ಕುಳಿತಿದ್ದ ಎಂಟನೆಯ ತರಗತಿಯ ಹುಡುಗನೊಬ್ಬನಿಗೆ, ಚೆಂಡನ್ನು ಬೆರಳುಗಳಲ್ಲಿ ಹೇಗೆ ಹಿಡಿದು ಬಿಡಬೇಕೆಂದು ಅವನು ದಾರಿಯುದ್ದಕ್ಕೂ ಖಾಲಿ ಕೈಗಳಲ್ಲಿ ತೋರಿಸಿಕೊಡುತ್ತ ಬಂದ.